ಒಂದನೇ ದರ್ಜೆಯ ಗಾಳಿ

ವಾನ್ಸೀಲ್ ಟಿಡ್ಮೋರ್‌ಳ ಸಿಟ್ಟನ್ನು ನಮ್ಮ ಕೌಂಟಿಯಲ್ಲಿ ನೋಡದವರಿಲ್ಲ. ಅವಳು ಶಾಲೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳು. ಮಕ್ಕಳಿಗೆ ಹಳಸಲು ಬೀನ್ಸ್ ಕಳಿಸಿದನೆಂದು ಸಾಮಾನು ತರುವವನ ಲಾರಿಯ ಬಾಗಿಲನ್ನು ಹೊರಗಿನಿಂದ ಹಾಕಿ, ಮೇಷ್ಟ್ರು ಬಂದು ತೆಗೆಸುವವರೆಗೂ ಅವನನ್ನು ಒಳಗೇ ಕೂರಿಸಿದ್ದಳು. ಆದರೆ ಅದೆಲ್ಲ ಒಲೆಯ ಮೇಲಿನ ಹಾಲಿನಂಥ ಸಿಟ್ಟು, ಉಕ್ಕಿ ಇಳಿಯುತ್ತಿತ್ತು. ನಾನು ಹೇಳಹೊರಟಿರುವ ಸಿಟ್ಟು ಇಳಿಯಲಿಲ್ಲ.

ನಾನು ಲ್ಯಾಮಾರ್, ಅಂಚೆ ಹಂಚುತ್ತಿದ್ದವನು. ನಿವೃತ್ತನಾದ ಮೇಲೆ ಅವಳಿಗೆ ಸಾರಥಿಯಾದೆ. ಅಲಬಾಮಾದ ನಮ್ಮ ಭಾಗದಲ್ಲಿ ವಸಂತ ಬಂತೆಂದರೆ ಆಕಾಶದ ಮೇಲೊಂದು ಕಣ್ಣಿಟ್ಟೇ ಬದುಕಬೇಕು. ಹವಾಮಾನ ಕಚೇರಿಯವರು ಅಗ್ನಿಶಾಮಕ ಠಾಣೆಯಲ್ಲಿ ಪಾಠ ಮಾಡಿ ನಮ್ಮಂಥವರನ್ನು ಮೋಡ ಕಾಯುವುದಕ್ಕೆ ತಯಾರು ಮಾಡುತ್ತಾರೆ. ಅವರ ರಾಡಾರಿಗೆ ನೆಲಕ್ಕೆ ಹತ್ತಿರದ್ದು ಕಾಣುವುದಿಲ್ಲ. ಅದನ್ನು ಮನುಷ್ಯನೇ ನೋಡಿ ಹೇಳಬೇಕು. ನಾನು ಟ್ರಕ್ ಓಡಿಸುವುದು, ಅವಳು ರೇಡಿಯೋ ಹಿಡಿಯುವುದು. ಹೀಗೆ ಎಷ್ಟೋ ವರ್ಷ ನಡೆದಿತ್ತು.

ಆ ಏಪ್ರಿಲ್‌ನ ದಿನ ಬೆಳಗಿನಿಂದಲೇ ಗಾಳಿ ಬೆವರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಿಸಿಸಿಪ್ಪಿಯಲ್ಲಿ ಒಂದರ ಹಿಂದೊಂದು ಸುಂಟರಗಾಳಿ ಇಳಿಯತೊಡಗಿದ್ದವು. ಶಾಲೆಗಳನ್ನು ಬೇಗ ಬಿಟ್ಟರು. ನಾವು ಸ್ಮಶಾನದ ಪಕ್ಕದ ನೀರಿನ ಟ್ಯಾಂಕಿನ ದಿಬ್ಬಕ್ಕೆ ಹೋಗಿ ನಿಂತೆವು. ನಮ್ಮ ಉತ್ತರಕ್ಕೆ, ದೊಡ್ಡ ಊರಿನ ಕಡೆಗೆ, ಒಂದು ಭಾರೀ ಬಿರುಗಾಳಿ ಹೋಗುತ್ತಿತ್ತು. ರೇಡಿಯೋದಲ್ಲಿ ಎಲ್ಲರದೂ ಅದರದೇ ಮಾತು. ವಾನ್ಸೀಲ್ ಮಾತ್ರ ನೈಋತ್ಯದ ಕಡೆ ತಿರುಗಿ ನಿಂತಿದ್ದಳು.

ಮೋಡದ ತಳ ಒಂದು ಕಡೆ ಜೋತುಬಿದ್ದು, ನಿಧಾನಕ್ಕೆ ತಿರುಗುತ್ತಿತ್ತು. ಅವಳು ರೇಡಿಯೋದಲ್ಲಿ ಜಾಗ, ದಿಕ್ಕು, ಎಲ್ಲ ಹೇಳಿದಳು. ಸ್ವಲ್ಪ ಹೊತ್ತಿಗೆ ಕೆಳಗೆ ಊರಿನಲ್ಲಿ ಸೈರನ್ ಕೂಗಿತು. ಮೋಡದ ದಾರಿಯಲ್ಲಿ ಬ್ರಾಷರ್ ಕೋರ್ಟ್ ಇತ್ತು. ಹೆದ್ದಾರಿಯಾಚೆಯ ಇಳಿಜಾರಿನಲ್ಲಿ ಹಾಲಿಸ್ ಬ್ರಾಷರ್ ಬಾಡಿಗೆಗೆ ಕೊಡುತ್ತಿದ್ದ, ಗಾಲಿಯ ಮೇಲೆ ಎಳೆದು ತಂದು ನಿಲ್ಲಿಸುವ ತಗಡಿನ ಟ್ರೇಲರ್ ಮನೆಗಳ ಸಾಲು, ಅದರಲ್ಲಿ ಅವಳ ಅಕ್ಕ ಅರ್ಲೀನ್‌ಳ ಮನೆ. ವಾನ್ಸೀಲ್ ಫೋನ್ ಮಾಡಿದಳು. ಗಾಳಿಯ ಸದ್ದಿನಲ್ಲಿ ಕೇಳಲೆಂದು ಧ್ವನಿ ದೊಡ್ಡದು ಮಾಡಿದ್ದಳು, ಹಾಗಾಗಿ ನನಗೂ ಕೇಳಿಸಿತು.

"ಅಕ್ಕಾ, ಈಗ್ಲೇ ಎದ್ದು ಚರ್ಚಿಗೆ ಹೋಗು. ನೆಲಮಾಳಿಗೆ ತೆಗ್ದಿದಾರೆ."

"ಈ ಮಂಡಿ ಇಟ್ಕೊಂಡು ಹೆದ್ದಾರಿ ದಾಟ್ಲಾ? ಬೂಮರ್‌ನ ಬೇರೆ ಎತ್ಕೋಬೇಕು." ಬೂಮರ್ ಅವಳ ನಾಯಿ.

"ನಾಯೀನ ಬಿಡೇ, ನಡಿಯೇ."

"ನೀನು ಸುಮ್ನೆ ಗಾಬ್ರಿ ಬೀಳ್ತೀಯ. ಹಾಲಿಸ್ ಬ್ರಾಷರ್ ಹೋದ್ ವರ್ಷ ತಾನೆ ಎಲ್ಲಾ ಮನೆಗೂ ಗೂಟ ಹೊಡ್ಸಿ ಪಟ್ಟಿ ಬಿಗ್ಸಿದಾನೆ. ಭೂಮಿ ಎದ್ರೆ ಮಾತ್ರ ಈ ಮನೆ ಏಳೋದು ಅಂದ. ನಾನು ಬಚ್ಚಲ ತೊಟ್ಟೀಲಿ ರಜಾಯಿ ಹೊದ್ಕೊಂಡು ಕೂತ್ಕೋತೀನಿ, ಸರೀನಾ?"

"ಅಕ್ಕಾ, ನನ್ ಮಾತು ಕೇಳು."

"ಕೇಳ್ತಾನೇ ಇದೀನಿ ಕಣೆ, ಹುಟ್ಟಿದಾಗ್ಲಿಂದ," ಎಂದು ಅರ್ಲೀನ್ ನಕ್ಕಳು. ಅಷ್ಟರಲ್ಲಿ ಫೋನ್ ಸತ್ತಿತು.

ನಾವು ಇಳಿದು ಹೊರಟೆವು. ರಸ್ತೆಗೆ ಅಡ್ಡ ಪೈನ್ ಮರಗಳು ಬಿದ್ದಿದ್ದವು. ಗರಗಸ ಹಿಡಿದವರು ಮುಂದೆ, ನಾವು ಹಿಂದೆ. ಬ್ರಾಷರ್ ಕೋರ್ಟ್ ತಲುಪಿದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಮನೆಗಳು ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ ಕೆಳಗಿನ ಓಕ್ ಮರಗಳಿಗೆ ಬಡಿದು, ತಗಡು, ಹಾಸಿಗೆ, ಗೋಡೆಯೊಳಗೆ ತುಂಬುವ ಗುಲಾಬಿ ಬಣ್ಣದ ಹತ್ತಿ, ಎಲ್ಲ ಒಂದಾಗಿ ಬಿದ್ದಿದ್ದವು. ಅರ್ಲೀನ್ ಸಿಕ್ಕಿದಳು. ಪಕ್ಕದ ಮನೆಯ ಮುದುಕ ಮತ್ತು ಒಬ್ಬ ಎಳೆಯ ತಾಯಿ ಸಹ ಸತ್ತಿದ್ದರು. ಬೂಮರ್ ಬದುಕಿತ್ತು. ವಾನ್ಸೀಲ್ ಅಳಲಿಲ್ಲ. ಅಕ್ಕನ ಕಾಲಿನ ಒಂದು ಚಪ್ಪಲಿ ಸಿಕ್ಕಿರಲಿಲ್ಲ. ಕತ್ತಲಾಗುವವರೆಗೂ ಅದನ್ನೇ ಹುಡುಕಿದಳು.

ಟೀವಿಯಲ್ಲಿ ಪೂರ್ತಿ ದೊಡ್ಡ ಊರಿನದೇ ಸುದ್ದಿ. ಅಲ್ಲಿಯದು ನಾಲ್ಕನೇ ದರ್ಜೆಯ ಸುಂಟರಗಾಳಿ, ಇಟ್ಟಿಗೆಯ ಮನೆಗಳನ್ನೇ ಗುಡಿಸಿಹಾಕಿತ್ತು. ಗವರ್ನರ್ ಬಂದರು, ಹಾಡುಗಾರರು ಬಂದರು. ನಮ್ಮ ಕಡೆಗೆ ಬಂದವನು ಒಬ್ಬನೇ, ಹವಾಮಾನ ಕಚೇರಿಯ ಟೆರೆನ್ಸ್ ಗಿಲ್ಯಾರ್ಡ್. ಸುಂಟರಗಾಳಿ ಹೋದ ಮೇಲೆ ಅದು ಒಡೆದದ್ದನ್ನು ನೋಡಿ, ಬೀಸಿದ ವೇಗವನ್ನು ಅಂದಾಜು ಮಾಡಿ, ಸೊನ್ನೆಯಿಂದ ಐದರವರೆಗೆ ದರ್ಜೆ ಹಾಕುವುದು ಅವನ ಕೆಲಸ. ಅಗ್ನಿಶಾಮಕ ಠಾಣೆಯಲ್ಲಿ ನಮಗೆ ಪಾಠ ಮಾಡಿದವನೂ ಅವನೇ.

ಗಾಳಿ ಬಂದ ದಾರಿ ತೋರಿಸಲು ವಾನ್ಸೀಲ್ ಅವನ ಜೊತೆ ನಡೆದಳು. ಅವನು ಮುರಿದ ಮರಗಳ ಫೋಟೋ ತೆಗೆದ. ಕೋಳಿ ಸಾಕಣೆಯ ಶೆಡ್ಡಿನ ಹಾರಿದ ತಗಡು ನೋಡಿದ. ಟ್ರೇಲರ್‌ಗಳ ಪಕ್ಕದಲ್ಲೇ ಇದ್ದ ಒಂದು ಇಟ್ಟಿಗೆ ಮನೆಯ ಮುಂದೆ ತುಂಬಾ ಹೊತ್ತು ನಿಂತ. ಅದರ ಛಾವಣಿಯ ಹೊದಿಕೆ ಅಲ್ಲಲ್ಲಿ ಕಿತ್ತಿತ್ತು, ಒಂದು ಕಿಟಕಿ ಒಡೆದಿತ್ತು, ಅಷ್ಟೇ. ವರಾಂಡದ ತೂಗುಯ್ಯಾಲೆ ಹಾಗೇ ಇತ್ತು.

"ಎಷ್ಟು ಹಾಕ್ತೀಯ?" ಎಂದು ವಾನ್ಸೀಲ್ ಕೇಳಿದಳು.

"ಒಂದು, ಅಮ್ಮ. ಒಂದರಲ್ಲೇ ಸ್ವಲ್ಪ ಜಾಸ್ತಿ ಕಡೆಗೆ."

ಅವಳು ನಡಿಗೆ ನಿಲ್ಲಿಸಿದಳು. "ಇನ್ನೊಂದ್ಸಲ ಹೇಳು."

"ಒಂದನೇ ದರ್ಜೆ."

"ಮೂರು ಹೆಣ ಎತ್ತಿದೀವಿ ಇಲ್ಲಿಂದ. ಒಂದು ನನ್ ಒಡಹುಟ್ಟಿದೋಳ್ದು. ಅಲ್ಲಿ ದೊಡ್ಡೂರಲ್ಲಿ ಸತ್ತೋರಿಗೆ ನಾಲ್ಕು, ಇಲ್ಲಿ ತಗಡಿನ ಡಬ್ಬೀಲಿ ಸತ್ತೋರಿಗೆ ಒಂದು. ಸತ್ರೂ ಬಡವರಿಗೆ ಕಮ್ಮೀನೇ ಬಡಿಸ್ತೀರಲ್ಲ, ಥೂ."

ಟೆರೆನ್ಸ್ ಕ್ಯಾಮೆರಾ ಕೆಳಗಿಳಿಸಿದ. ಅವನ ಮುಖ ಸಣ್ಣಗಾಗಿತ್ತು. ಅವಳು ಇನ್ನೂ ಬೈದಳು. ಅವನ ಕಚೇರಿಗೆ, ಅವನ ಕ್ಯಾಮೆರಾಗೆ, ಅವನ ಹೊಸ ಬೂಟಿಗೂ ಬೈದಳು. ಸುಸ್ತಾಗಿ ನಿಂತ ಮೇಲೆ ಅವನು, "ಒಂದ್ ನಿಮ್ಷ ಬನ್ನಿ, ಮಿಸ್ ವಾನ್ಸೀಲ್. ಇದನ್ನ ನೀವು ನೋಡ್ಬೇಕು," ಎಂದ.

ಅರ್ಲೀನ್‌ಳ ಮನೆ ನಿಂತಿದ್ದ ಜಾಗಕ್ಕೆ ಕರೆದುಕೊಂಡು ಹೋದ. ಸಿಮೆಂಟಿನ ಇಟ್ಟಿಗೆಗಳ ಕಂಬಗಳು ಹಾಗೇ ನಿಂತಿದ್ದವು. ಟ್ರೇಲರ್ ಮನೆಯನ್ನು ನೆಲಕ್ಕೆ ಬಿಗಿಯಬೇಕಾದ ಉಕ್ಕಿನ ಪಟ್ಟಿಗಳು ಹುಲ್ಲಿನಲ್ಲಿ ಬಿದ್ದಿದ್ದವು. ಅವು ಎಲ್ಲೂ ಹರಿದಿರಲಿಲ್ಲ. ಒಂದೆರಡರ ತುದಿಯಲ್ಲಿ ಗೂಟವೇ ಇರಲಿಲ್ಲ. ಅವನ್ನು ಸುಮ್ಮನೆ ಮಡಚಿ ಮನೆಯ ಅಂಚಿನ ತಗಡಿನ ಹಿಂದೆ ಸಿಕ್ಕಿಸಿದ್ದ ಗುರುತು ಇತ್ತು. ಗೂಟವಿದ್ದ ಕಡೆ ಟೆರೆನ್ಸ್ ಬಗ್ಗಿ ಒಂದನ್ನು ಒಂದೇ ಕೈಯಲ್ಲಿ ಎಳೆದ. ಮೂಲಂಗಿ ಕಿತ್ತ ಹಾಗೆ ಬಂತು. ಮೊಳದುದ್ದವೂ ಇರಲಿಲ್ಲ.

"ಇದು ಎದೆಮಟ್ಟ ಆಳಕ್ಕೆ ಹೋಗ್ಬೇಕಿತ್ತು," ಎಂದ. "ಸರಿಯಾಗಿ ಬಿಗಿದಿದ್ರೆ ಈ ಗಾಳಿಗೆ ಮನೆ ಅಲ್ಲಾಡ್ತಿತ್ತು, ಕಿಟಕಿ ಹೋಗ್ತಿತ್ತು, ಮೂಲೆ ಚಾವಣಿ ಹೋಗ್ತಿತ್ತೇನೋ. ಉರುಳ್ತಿರ್ಲಿಲ್ಲ. ನಿಮ್ ಸಮಾಧಾನಕ್ಕೆ ನಾನು ನಾಲ್ಕು ಅಂತ ಹಾಕ್ಬಹುದು ಅಮ್ಮ. ಆದ್ರೆ ನಾಲ್ಕು ಅಂದ್ರೆ ಏನರ್ಥ? ಯಾರಿಂದ್ಲೂ ಏನೂ ಮಾಡೋಕಾಗ್ತಿರ್ಲಿಲ್ಲ ಅಂತ."

ವಾನ್ಸೀಲ್ ಆ ಗೂಟವನ್ನು ಕೈಗೆ ತೆಗೆದುಕೊಂಡಳು. ಅದರ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ, "ಬಚ್ಚಲ ತೊಟ್ಟೀಲಿ ಕೂತಿದ್ಲು ಲ್ಯಾಮಾರ್," ಎಂದಳು. "ಅವ್ನ್ ಮಾತು ನಂಬ್ಕೊಂಡು ಕೂತಿದ್ಲು."

ಟೆರೆನ್ಸ್ ಹೊರಡುವ ಮೊದಲೇ ಹಾಲಿಸ್ ಬ್ರಾಷರ್ ಬುಲ್ಡೋಜರ್ ಸಮೇತ ಬಂದ. ಒಳ್ಳೆಯ ಮಾತುಗಾರ. ಚರ್ಚಿನಲ್ಲಿ ನಮ್ಮ ಮುಂದಿನ ಬೆಂಚಿನಲ್ಲಿ ಕೂರುವವನು. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಅರ್ಲೀನ್ ದೊಡ್ ಮನಸ್ಸಿನ್ ಹೆಂಗ್ಸು, ಮಿಸ್ ವಾನ್ಸೀಲ್. ದೇವ್ರ ಇಚ್ಛೆ, ಏನ್ ಮಾಡೋಕಾಗುತ್ತೆ. ಈ ಅವಶೇಷ ಎಲ್ಲಾ ನಿಮ್ ಕಣ್ಣಿಗೆ ಬೀಳ್ಬಾರ್ದು ಅಂತ ಬೇಗ ತೆಗ್ಸೋಣ ಅಂತಿದೀನಿ."

"ಯಾರ್ ಕಣ್ಣಿಗೆ?" ಎಂದಳು ಅವಳು.

"ಅಂದ್ರೆ, ನೋವಾಗುತ್ತಲ್ವಾ ನೋಡಿದ್ರೆ."

"ಲ್ಯಾಮಾರ್, ಟ್ರಕ್ ತಾ."

ನಾನು ಟ್ರಕ್ ತಂದು ಬುಲ್ಡೋಜರಿನ ಮೂತಿಗೆ ತಾಗಿಸಿ ನಿಲ್ಲಿಸಿದೆ. ಅವಳು ಹಿಂದಿನ ಹಲಗೆ ಇಳಿಸಿ ಅದರ ಮೇಲೆ ಕೂತಳು. ಬ್ರಾಷರ್ ಮೊದಲು ನಕ್ಕ, ಆಮೇಲೆ ಬೇಡಿಕೊಂಡ, ಕೊನೆಗೆ ಶೆರಿಫನ ಕಚೇರಿಗೆ ಫೋನ್ ಮಾಡಿದ. ಬಂದ ಪೊಲೀಸಿನವನು ನಮ್ಮೂರ ಹುಡುಗನೇ, ಕೋಡಿ ಸ್ಟ್ರಿಕ್‌ಲ್ಯಾಂಡ್.

"ಮಿಸ್ ವಾನ್ಸೀಲ್, ಜಾಗ ಅವ್ರ್ದು. ಟ್ರಕ್ ತೆಗೀರಿ ದಯವಿಟ್ಟು."

"ಕೋಡಿ, ಐದನೇ ಕ್ಲಾಸಲ್ಲಿ ನಿಂಗೆ ದಿನಾ ಎರಡನೇ ತಟ್ಟೆ ಯಾರ್ ಕೊಡ್ತಿದ್ರು?"

"ನೀವು, ಅಮ್ಮ."

"ಹಂಗಾದ್ರೆ ಇಲ್ಲಿ ಬಾ, ಇದನ್ನ ಎಳಿ." ಒಂದು ಗೂಟ ತೋರಿಸಿದಳು.

ಕೋಡಿ ಎಳೆದ. ಅದು ಕೈಗೆ ಬಂತು. ಅವನು ಅದನ್ನೂ, ಬ್ರಾಷರನನ್ನೂ ನೋಡಿದ. ಇನ್ನೊಂದು ಎಳೆದ. "ಇದು ಸಾವಿನ ಪ್ರಕರಣ, ಸಾರ್," ಎಂದು ಬ್ರಾಷರನಿಗೆ ಹೇಳಿ, ಕಾರಿನಿಂದ ಹಳದಿ ಪಟ್ಟಿ ತಂದು ಆ ಜಾಗದ ಸುತ್ತ ಕಟ್ಟಿದ. ರಾಜ್ಯದ ತಪಾಸಣೆಯವರು ಬಂದು ಎಲ್ಲ ಫೋಟೋ ತೆಗೆದುಕೊಳ್ಳುವವರೆಗೆ ವಾನ್ಸೀಲ್ ಆ ಟ್ರಕ್ಕಿನಿಂದ ಕದಲಲಿಲ್ಲ. ಸಾವಿನ ಮನೆಗೆ ಒಯ್ಯುವ ಊಟವನ್ನು ಜನ ಅಲ್ಲಿಗೇ ತಂದರು. ಕೋಳಿಯ ಸಾರಿನಲ್ಲಿ ಬೇಯಿಸಿದ ಹಿಟ್ಟಿನ ಉಂಡೆ, ಮೆಕ್ಕೆಜೋಳದ ಬ್ರೆಡ್ಡು, ಮಸಾಲೆ ತುಂಬಿದ ಮೊಟ್ಟೆ. ಮನೆ ಕಳೆದುಕೊಂಡವರೂ ಬಂದು ಸುತ್ತ ಕೂತು ಉಂಡರು. ಅವಳು ಎಲ್ಲರಿಗೂ ಬಡಿಸಿದಳು, ತಾನು ಮುಟ್ಟಲಿಲ್ಲ.

ಅಂತ್ಯಕ್ರಿಯೆ ಕಳೆದ ಮೇಲೆ ಕೌಂಟಿಯವರು ಶಾಲೆಯ ಊಟದ ಹಾಲ್‌ನಲ್ಲಿ ಸಭೆ ಕರೆದರು. ಬ್ರಾಷರ್ ಎದ್ದು ಚೆನ್ನಾಗಿ ಮಾತಾಡಿದ. ಇಂಥ ಪ್ರಳಯದ ಮುಂದೆ ಮನುಷ್ಯ ಕಟ್ಟಿದ್ದು ಯಾವುದೂ ನಿಲ್ಲುವುದಿಲ್ಲ ಎಂದ. ಕೆಲವರು ತಲೆಯಾಡಿಸಿದರು. ವಾನ್ಸೀಲ್ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದವಳು ಅಲ್ಲಿಂದಲೇ ಮಾತಾಡಿದಳು. ಕೂಗಲಿಲ್ಲ. ಕೂಗಿದ್ದರೆ ನಮಗೆ ಅಭ್ಯಾಸವಿತ್ತು.

"ಪ್ರಳಯ ಅಲ್ಲ. ಚಿಕ್ ಗಾಳಿ. ಅದು ಹುಟ್ಟಿದ್ದನ್ನ ನಾನೇ ನೋಡ್ದೆ, ಅದು ಹೋದ್ ದಾರೀಲೂ ನಡ್ದೆ. ಪಕ್ಕದ್ಮನೆ ಉಯ್ಯಾಲೇನೂ ಕೀಳೋಕಾಗ್ಲಿಲ್ಲ ಅದಕ್ಕೆ. ಸರ್ಕಾರದೋರು ಒಂದು ಅಂತ ಬರ್ದಿದಾರೆ, ಒಂದೇ ಇರ್ಲಿ. ಹಾಲಿಸ್, ಒಂದಕ್ಕೆ ನನ್ನಕ್ಕನ್ನ ಕೊಲ್ಲೋ ಶಕ್ತಿ ಇರ್ಲಿಲ್ಲ. ಮಿಕ್ಕಿದ್ದು ಎಲ್ಲಿಂದ ಬಂತು? ನೀನ್ ಹೇಳು."

ಬ್ರಾಷರ್ ಟೋಪಿ ಹಾಕಿಕೊಂಡು ಹೊರಟುಹೋದ.

ಅವನು ಜೈಲಿಗೆ ಹೋದನೆಂದು ಬರೆಯಲು ನನಗೂ ಆಸೆ. ಹೋಗಲಿಲ್ಲ. ಗೂಟ ಹೊಡೆದವನು ಯಾರೋ ಗುತ್ತಿಗೆಯವನು, ಅವನು ಟೆಕ್ಸಸ್‌ನಲ್ಲೆಲ್ಲೋ ಇದ್ದಾನೆ ಎಂದು ವಕೀಲರು ವಾದಿಸಿದರು. ಮೊಕದ್ದಮೆ ಎಳೆದಾಡಿ ಕೊನೆಗೆ ರಾಜಿಯಾಯಿತು. ಬ್ರಾಷರ್ ಜಾಗ ಮಾರಿದ. ಅಲ್ಲಿದ್ದ ಕುಟುಂಬಗಳು ದಿಕ್ಕುದಿಕ್ಕಿಗೆ ಹೋದವು; ಅವರಲ್ಲಿ ಹೆಚ್ಚಿನವರು ಇನ್ನೊಬ್ಬನ ಟ್ರೇಲರ್ ಕೋರ್ಟಿಗೇ ಹೋದರು, ಬೇರೆಲ್ಲಿಗೆ ಹೋದಾರು? ಕೌಂಟಿಯವರು ಗೂಟಗಳನ್ನು ತಪಾಸಣೆ ಮಾಡಲೇಬೇಕೆಂದು ನಿಯಮ ಮಾಡಿದರು, ಆದರೆ ತಪಾಸಣೆ ಮಾಡುವವನನ್ನು ನೇಮಿಸಲಿಲ್ಲ. ಅದು ಗೊತ್ತಾದ ದಿನ ವಾನ್ಸೀಲ್ ಆಯುಕ್ತರ ಕಚೇರಿಗೆ ಹೋಗಿ, "ಹಂಗಾದ್ರೆ ನಾನೇ," ಎಂದಳು. ಸಂಬಳವಿಲ್ಲ ಎಂದರು. ಕೇಳಿದ್ದು ಯಾರು ಎಂದಳು.

ಈಗ ಶನಿವಾರಗಳಲ್ಲಿ ನಾವು ಟ್ರೇಲರ್ ಕೋರ್ಟುಗಳಿಗೆ ಹೋಗುತ್ತೇವೆ. ಅವಳು ಮೊಣಕಾಲಿಗೆ ಗೋಣಿಪಟ್ಟೆ ಕಟ್ಟಿಕೊಂಡು ಮನೆಗಳ ಅಡಿಗೆ ತೆವಳುತ್ತಾಳೆ, ಒಂದೊಂದೇ ಪಟ್ಟಿ ಎಳೆದು ನೋಡುತ್ತಾಳೆ. ಸಡಿಲವಿದ್ದರೆ ಮಾಲೀಕನ ಮನೆಬಾಗಿಲಿಗೆ ಹೋಗಿ, ಅವನ ಹೆಂಡತಿ ಮಕ್ಕಳೆಲ್ಲ ಕೇಳುವಂತೆ ಹೇಳುತ್ತಾಳೆ. ಅವಳ ಟ್ರಕ್ ಕಂಡರೆ ಓಡಿಹೋಗುವ ಮಾಲೀಕರಿದ್ದಾರೆ. ಗೂಟ ಬದಲಿಸಿದವರೂ ಇದ್ದಾರೆ.

ಬ್ರಾಷರ್ ಚರ್ಚಿಗೆ ಬರುವುದು ಬಿಟ್ಟಿಲ್ಲ. ಕಳೆದ ವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ವಾನ್ಸೀಲ್‌ಳನ್ನು ಪಕ್ಕಕ್ಕೆ ಕರೆದು, ಸಿಟ್ಟು ಹೊತ್ತುಕೊಂಡು ಎಷ್ಟು ದಿನ ಇರ್ತೀಯಮ್ಮ, ಅವನ ಕೈ ಹಿಡಿದು ಕ್ಷಮಿಸಿದೆ ಅಂದುಬಿಡು ಎಂದರು.

"ಕ್ಷಮಿಸೋದು ಮೇಲಿರೋನ ಕೆಲ್ಸ, ಅಯ್ಯನೋರೆ. ಅವನಿಗೆ ಪುರುಸೊತ್ತಿದೆ," ಎಂದು ಅವಳು ನನ್ನ ಕಡೆ ತಿರುಗಿದಳು. "ನಡಿ ಲ್ಯಾಮಾರ್. ಸೇತುವೆ ಆಚೆ ಹೊಸ ಕೋರ್ಟ್ ಎದ್ದಿದೆಯಂತೆ. ಮಾಲೀಕ ಊಟಕ್ ಕೂತಿರ್ತಾನೆ, ಈಗ್ಲೇ ಸಿಗ್ತಾನೆ."

ನಾನು ಟ್ರಕ್ ತೆಗೆದೆ. ಬೂಮರ್ ಹಿಂದೆ ಹತ್ತಿಕೊಂಡಿತು. ದಾರಿಯುದ್ದಕ್ಕೂ ಅವಳು ಬ್ರಾಷರನಿಗೆ ಬೈಯುತ್ತಲೇ ಇದ್ದಳು.