ಹಾಕದೆ ಬಿಟ್ಟ ಹಲಗೆ

ಖಂಡ ಎಂಬ ಪದವನ್ನು ನಾನು ಐದನೇ ಕ್ಲಾಸಿನಲ್ಲೇ ಬಿಟ್ಟು ಬಂದಿದ್ದೆ. ಅದು ಮತ್ತೆ ಕಿವಿಗೆ ಬಿದ್ದದ್ದು ಹಂಗಾರಕಟ್ಟೆಯಲ್ಲಿ, ನಮ್ಮ ಗದ್ದೆಯ ದಂಡೆಯ ಮೇಲೆ. ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ಬಂದಿದ್ದಳು. ಏಷ್ಯಾ ಖಂಡದಲ್ಲಿ ಎಲ್ಲಿ ಗದ್ದೆ ಹೋಗಿ ಪೇಟೆಯಾಯಿತು, ಎಲ್ಲಿ ಕಾಡು ಬೋಳಾಯಿತು ಎಂದು ಉಪಗ್ರಹದ ಚಿತ್ರ ನೋಡಿ ಗುರುತಿಸುತ್ತಾರಂತೆ. ಚಿತ್ರ ಹೇಳಿದ್ದು ನಿಜವೋ ಎಂದು ನೆಲದ ಮೇಲೆ ನಿಂತು ನೋಡುವುದು ಅವಳ ಕೆಲಸ. ಶಿರೂರಿನಿಂದ ಶುರು ಮಾಡಿ, ತಲ್ಲೂರು ದಾಟಿ, ಅಂದು ನಮ್ಮಲ್ಲಿಗೆ ತಲುಪಿದ್ದಳು.

ಪರದೆಯಲ್ಲಿ ಅಕ್ಕಪಕ್ಕದ ಗದ್ದೆಗಳು ಹಸಿರಿನಿಂದ ಕೆಂಪಾಗಿದ್ದವು. ಕೆಂಪೆಂದರೆ ಕಟ್ಟಡ. ನಮ್ಮದು ಮಾತ್ರ ಹಸಿರಿನಿಂದ ನೀಲಿಗೆ ಹೋಗಿತ್ತು.

"ಇದು ನೀರಾದದ್ದು ಹೇಗೆ?" ಎಂದು ಕೇಳಿದಳು.

ನನ್ನ ತಮ್ಮ ಪಕ್ಕದಲ್ಲೇ ಇದ್ದ. ಅವನು ದೋಣಿ ಕಟ್ಟುವ ಬಡಗಿ. ಗದ್ದೆ ಅವನ ಪಾಲಿನದು. ದಂಡೆಗೆ ತಾಗಿದ ಮನೆ ನನ್ನದು. ಗದ್ದೆಗೆ ಮಣ್ಣು ತುಂಬಿಸಿ ಸೈಟು ಮಾಡಲು ಅವನು ಒಪ್ಪಿಯಾಗಿತ್ತು. ಮರುದಿನ ಬೆಳಿಗ್ಗೆ ಕೆಂಪು ಮಣ್ಣಿನ ಟಿಪ್ಪರ್ ಬರುವುದಿತ್ತು.

"ತಪ್ಪ್ ನಂದೇ ಅಮ್ಮ," ಎಂದ. "ನಾನ್ ಮಾಡಿದ್ ಹಲ್ಗಿ ಸೋರಿತ್. ಉಪ್ಪ್ ನೀರ್ ಒಳ್ಗ್ ಬಂತ್."

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತೆ.

ಹೊಳೆಗೂ ಗದ್ದೆಗೂ ನಡುವೆ ದಂಡೆಯಲ್ಲಿ ಒಂದು ಕಿಂಡಿ ಇದೆ. ಕಡಲಿನ ಇಳಿತದಲ್ಲಿ ಹಲಗೆ ತೆಗೆದರೆ ಗದ್ದೆಯ ನೀರು ಹೊರಗೆ ಹೋಗುತ್ತದೆ. ಉಬ್ಬರಕ್ಕೆ ಮೊದಲು ಹಲಗೆ ಹಾಕದಿದ್ದರೆ ಹೊಳೆಯ ಉಪ್ಪುನೀರು ಒಳಗೆ ನುಗ್ಗುತ್ತದೆ. ಕೆಲವು ವರ್ಷಗಳ ಹಿಂದೆ ಸುಗ್ಗಿ ಬೆಳೆಗೆ ಅಕಾಲದಲ್ಲಿ ಮಳೆ ಬಂದು ನೀರು ನಿಂತಿತ್ತು. ತಮ್ಮ ಬೆಳಿಗ್ಗೆ ಹಲಗೆ ತೆಗೆದು, ಮಧ್ಯಾಹ್ನದೊಳಗೆ ಹಾಕಿಬಿಡು ಅಕ್ಕ, ಇವತ್ತು ಅಮಾವಾಸ್ಯೆ, ಉಬ್ಬರ ಜೋರು ಎಂದು ಹೇಳಿ ಕೆಲಸಕ್ಕೆ ಹೋದ. ಆಯಿತು ಎಂದೆ.

ಬ್ರಹ್ಮಾವರದಲ್ಲಿ ನೆಂಟರೊಬ್ಬರ ಹೊಸ ಫ್ಲ್ಯಾಟಿನ ಗೃಹಪ್ರವೇಶ ಇತ್ತು. ಹೋಗಿ ಮುಖ ತೋರಿಸಿ ಬಂದರಾಯಿತು ಎಂದು ಬಸ್ಸು ಹತ್ತಿದೆ. ಅಲ್ಲಿ ಲಿಫ್ಟಿನಲ್ಲಿ ಮೇಲೆ ಹೋಗಿ ಬಾಲ್ಕನಿಯಲ್ಲಿ ನಿಂತಾಗ ಊರೆಲ್ಲ ಕಾಣಿಸಿತು. ದೂರದ ತೆಂಗಿನ ಸಾಲು ತೋರಿಸಿ, ನಮ್ಮ ಗದ್ದೆ ಅಲ್ಲೇ ಎಂದು ಜಂಬ ಕೊಚ್ಚಿಕೊಂಡೆ. ಹಾಗೆ ಬೆರಳು ಚಾಚಿದಾಗಲೇ ಹೊಳೆ ತುಂಬುತ್ತಿರುವುದು ಕಂಡಿತು. ಆ ಕ್ಷಣವೇ ಇಳಿದು ಓಡಿದ್ದರೆ ತಲುಪುತ್ತಿದ್ದೆನೋ ಏನೋ. ಆದರೆ ಎಲೆ ಹಾಕಿದ್ದರು. ಪಾಯಸ ಬಡಿಸಲಿ, ತಿಂದು ಹೊರಡೋಣ ಎಂದು ಕೂತೆ. ಮರೆತೆ ಎಂದು ಹೇಳುವಂತಿಲ್ಲ. ಗೊತ್ತಿದ್ದೂ ಕೂತೆ.

ಮನೆಗೆ ಬಂದಾಗ ಪೈರು ಮುಳುಗಿತ್ತು. ನೀರು ಇಳಿಯುವ ತನಕ ಕಾದು ಹಲಗೆ ಹಾಕಿದೆ. ಸಂಜೆ ತಮ್ಮ ಬಂದಾಗ, ಹಲಗೆಯ ಸಂದಿನಲ್ಲಿ ನೀರು ನುಗ್ಗಿತು ಎಂದೆ.

ನಂಬಿದ. ನಂಬಿದ್ದೇ ನನಗೆ ಶಿಕ್ಷೆಯಾಯಿತು. ಮಾತು ದೋಣಿ ಕಟ್ಟುವಲ್ಲಿಗೂ ಹೋಯಿತು. "ಹ್ವಾಯ್, ಇವ ಕಟ್ಟಿದ್ ದೋಣಿ ಹತ್ತೂಕೆ ಮೊದ್ಲ್ ಈಜ್ ಕಲ್ತಿರ್ಕ್," ಎಂದು ನಕ್ಕರಂತೆ. ಅವನೂ ನಕ್ಕನಂತೆ. ಆಮೇಲೆ ಹಲಗೆಗಳನ್ನು ನನ್ನ ಮನೆಯ ಮಾಡಿನ ಸೂರಿಗೆ ಸಿಕ್ಕಿಸಿಟ್ಟವನು ಮತ್ತೆ ಮುಟ್ಟಲಿಲ್ಲ. ಕಿಂಡಿ ತೆರೆದೇ ಉಳಿಯಿತು. ಗದ್ದೆಗೆ ಹೊಳೆ ಬಂದು ಹೋಗತೊಡಗಿತು.

ಹುಡುಗಿ ಉತ್ತರ ಬರೆದುಕೊಳ್ಳಲು ಬೆರಳು ಎತ್ತಿದ್ದಳು. ನಾಳೆ ಮಣ್ಣು ಬಿದ್ದ ಮೇಲೆ ನನ್ನ ಸುಳ್ಳೂ ಅದರಡಿ ಹೋಗುತ್ತಿತ್ತು. ಅದು ನನಗೆ ಬೇಕಾಗಿಯೂ ಇತ್ತು.

"ಹಲ್ಗಿ ಸರಿ ಇದ್ದಿತ್ ಮಾರಾಯ," ಎಂದೆ. "ನಾನ್ ಹಾಕ್ಲೇ ಇಲ್ಲ."

ಬ್ರಹ್ಮಾವರದ್ದೆಲ್ಲ ಹೇಳಿದೆ. ಹುಡುಗಿ ಟ್ಯಾಬನ್ನು ಎದೆಗೊತ್ತಿಕೊಂಡು ಹೊಳೆಯ ಕಡೆ ನೋಡತೊಡಗಿದಳು. ತಮ್ಮ ಕಿಂಡಿಯ ಕಡೆ ತಿರುಗಿ ಕೇಳಿದ.

"ಪಾಯ್ಸ ಎಂತದ್ದ್?"

"ಹೆಸ್ರ್ ಬೇಳಿದ್."

ತಲೆಯಾಡಿಸಿ ನನ್ನ ಮನೆಯ ಕಡೆ ನಡೆದ. ಮಾಡಿನಿಂದ ಹಲಗೆ ಎಳೆದು ತಂದು, ಕಿಂಡಿಗೆ ಇಳಿದು, ಒಂದೊಂದಾಗಿ ಎರಡೂ ಬದಿಯ ಸೀಳಿನಲ್ಲಿ ಕೂರಿಸಿ ಕೊಡತಿಯಿಂದ ಹೊಡೆದ. ನಾನು ಕೈ ಕೊಡಲು ಹೋದೆ. ಅವನು ತಿರುಗಿ ನೋಡಲಿಲ್ಲ.

ಉಬ್ಬರ ಶುರುವಾಯಿತು. ನೀರು ಹಲಗೆಯ ಹೊರಮೈ ಏರತೊಡಗಿತು. ಅವನು ಒಳಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಹಲಗೆಗಳ ಸಂದಿನ ಉದ್ದಕ್ಕೂ ಅಂಗೈ ಸವರುತ್ತಾ ಹೋದ. ಆಮೇಲೆ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ಒಣಗಿಯೇ ಇತ್ತು.

"ನಾಳಿ ಮಣ್ಣಿನವ ಬಂದ್ರೆ ಬ್ಯಾಡ ಅಂತ ಹೇಳ್," ಎಂದ, ಕೈಯಿಂದ ಕಣ್ಣು ತೆಗೆಯದೆ. "ಎಂತಕ್ಕೆ ಬ್ಯಾಡ ಅಂತ್ಲೂ ನೀನೇ ಹೇಳ್."