ಮುಂಗಡ ಸಾಕ್ಷಿ

ನಮ್ಮ ಕ್ರೈಸ್ತ ಸಭೆ ಸೇರುತ್ತಿದ್ದುದು ಚೆನ್ನೈನ ಪುರಸೈವಾಕ್ಕಂನ ಒಂದು ಜವಳಿ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಗದಗ ಕಡೆಯಿಂದ ರೈಲ್ವೆ ನೌಕರಿಗೆ ಬಂದು ಇಲ್ಲೇ ನಿವೃತ್ತರಾದ ಅಪ್ಪ, ಎರಡೂ ಕಿಡ್ನಿ ಕೆಟ್ಟ ಮೇಲೆ ಶನಿವಾರ ಡಯಾಲಿಸಿಸ್ ಮಾಡಿಸಿಕೊಂಡು ಭಾನುವಾರ ಆ ಮೆಟ್ಟಿಲು ಹತ್ತುತ್ತಿದ್ದರು. ಮೂರು ಕಡೆ ನಿಲ್ಲುತ್ತಿದ್ದರು. ನಾನು ಹಿಂದೆ ಇರುತ್ತಿದ್ದೆ.

ಆರಾಧನೆಯ ಕೊನೆಗೆ ಸಾಕ್ಷಿಯ ಹೊತ್ತು. ದೇವರಿಂದ ಒಳ್ಳೆಯದಾದವರು ಎದ್ದು ಹೇಳಬೇಕು. ಹೊಸ ಪಾಸ್ಟರ್ ಬಂದ ಮೇಲೆ ಇನ್ನೊಂದು ಪದ್ಧತಿ ಸೇರಿತು: ಗುಣವಾಗುವ ಮೊದಲೇ ಗುಣವಾಯಿತೆಂದು ಸಾಕ್ಷಿ ಹೇಳುವುದು. ಬಾಯಿ ಅರಿಕೆ ಮಾಡಿದ್ದನ್ನು ದೇಹ ಹಿಂಬಾಲಿಸುತ್ತದೆ ಎಂದು ಅವರು ಕಲಿಸಿದರು. ಹಲವರು ಹೇಳಿದರು. ಅಪ್ಪ ಹೇಳಲಿಲ್ಲ.

ಅಮ್ಮ ಪಾಸ್ಟರನ್ನು ನಂಬಿದ್ದಳು. ಅಪ್ಪನ ಪ್ರಾಣ ಉಳಿಯಲು ಆ ಒಂದು ಮಾತು ಸಾಕು, ಅದನ್ನೇ ಇವರು ಹೇಳುತ್ತಿಲ್ಲ ಎಂಬುದು ಅವಳ ಸಂಕಟ. ಡಾಕ್ಟರ್ ಹೇಳಿದಷ್ಟೇ ಅಳೆದ ನೀರಿನ ಲೋಟ ಕೊಡುವಾಗಲೆಲ್ಲ ಅದೇ ಬೇಡಿಕೆ. ಮೂರು ದಿನ ಉಪವಾಸವನ್ನೂ ಮಾಡಿದಳು.

ಸಭೆಯ ಹಿರಿಯರೊಬ್ಬರು ಮೆಟ್ಟಿಲಲ್ಲಿ ಕೆಣಕಿದರು: “ಏನಣ್ಣಾ, ನಂಬಿಕೆಗೂ ಡಾಕ್ಟರ್ ಚೀಟಿ ಬೇಕಾ?”

“ರೈಲ್ವೆಯಾಂವ ನಾನು. ಟಿಕೀಟ್ ಇಲ್ದ ಹತ್ತಂಗಿಲ್ಲ,” ಎಂದರು ಅಪ್ಪ. ಹಿರಿಯರು ನಗಲಿಲ್ಲ.

ಆಮೇಲೆ ಸಭೆಯಲ್ಲಿ ಅಪ್ಪನಿಗಾಗಿ ಪ್ರಾರ್ಥನೆ ನಿಂತಿತು. ಪಕ್ಕದ ಕುರ್ಚಿಗಳು ಖಾಲಿ ಉಳಿದವು. ಬೇರೆ ಸಭೆಗೆ ಹೋಗೋಣ ಎಂದೆ. ತಾನು ಹೋಗಬಲ್ಲಷ್ಟು ದೂರದಲ್ಲಿ ಕನ್ನಡದಲ್ಲಿ ದೇವರ ವಾಕ್ಯ ಓದುವ ಜಾಗ ಇದೊಂದೇ ಎಂದರು ಅಪ್ಪ.

ಒಂದು ಭಾನುವಾರ ಪಾಸ್ಟರ್ ಸಾಕ್ಷಿಗೆ ಅಪ್ಪನನ್ನು ಹೆಸರು ಹಿಡಿದೇ ಕರೆದರು. ಅಮ್ಮ ತೋಳು ಹಿಡಿದು ಎಬ್ಬಿಸಿದಳು. ಅಪ್ಪ ಮುಂದಿನ ಕುರ್ಚಿಯ ಬೆನ್ನಿಗೆ ಕೈ ಊರಿ ನಿಂತರು.

“ನನಗ ಆರಾಮ ಆಗಿಲ್ಲ. ಆಗೇದ ಅಂತ ದೇವರ ಮುಂದ ಸುಳ್ಳು ಹೇಳಂಗಿಲ್ಲ. ಆಗದಿದ್ರೂ ಆತನ್ನ ಬಿಡಂಗಿಲ್ಲ. ಬರೋ ವಾರಾನೂ ಬರ್ತೀನಿ.”

ಯಾರೂ ಆಮೆನ್ ಅನ್ನಲಿಲ್ಲ. ಅಮ್ಮ ತೋಳು ಬಿಟ್ಟಳು. ಮನೆ ಮುಟ್ಟುವ ತನಕ ಆಟೋದಲ್ಲಿ ಅವರತ್ತ ತಿರುಗಲಿಲ್ಲ.

ಅಪ್ಪ ಇನ್ನೂ ಐದು ಭಾನುವಾರ ಮೆಟ್ಟಿಲು ಹತ್ತಿದರು. ಆರನೆಯದರ ಹಿಂದಿನ ದಿನ, ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಹೃದಯ ನಿಂತಿತು. ಸಮಾಧಿಯ ಬಳಿ ಪಾಸ್ಟರ್ ನಂಬಿಕೆಯ ಕೊರತೆಯ ಬಗ್ಗೆ ಮಾತಾಡಿದರು. ಅದನ್ನು ಹಾಗೇ ಬರೆದುಕೊಂಡೆ; ಪತ್ರಿಕೆಯ ಕೆಲಸ ಕಲಿಸಿದ ಅಭ್ಯಾಸ.

ಅಮ್ಮ ಇನ್ನು ಅಲ್ಲಿಗೆ ಹೋಗಲಾರಳು ಎಂದುಕೊಂಡಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ಬೈಬಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಾಕ್ಷಿಯ ಹೊತ್ತಿಗೆ ಯಾರೂ ಕರೆಯದೆ ಎದ್ದಳು.

“ಅವರಿಗೆ ಆರಾಮ ಆಗ್ಲಿಲ್ಲ,” ಎಂದಳು. “ಸುಳ್ಳು ಹೇಳ್ರಿ ಅಂತ ನಾನೇ ಕಾಡಿದ್ದೆ. ಅವರು ಹೇಳ್ಲಿಲ್ಲ. ಬರೋ ವಾರ ನಾನೂ ಬರ್ತೀನಿ.”

ಕೂತಳು. ಪಾಸ್ಟರ್ ಮುಂದಿನ ಕೀರ್ತನೆಯ ಸಂಖ್ಯೆ ಹೇಳಿದರು.