ಪತ್ರದ ಕೆನ್ನೆಗೊಂದು ದೃಷ್ಟಿಬೊಟ್ಟು

ನಾನು ಇಷ್ಟು ವರ್ಷ ಟೈಪ್ ಮಾಡಿಕೊಟ್ಟ ಶಿಫಾರಸು ಪತ್ರಗಳನ್ನೆಲ್ಲ ಒಟ್ಟಿಗೆ ಓದಿದವರು, ಸೌದಿಯ ಬೆಟ್ಟದೂರು ಅಭಾದ ನಮ್ಮ ಆಸ್ಪತ್ರೆಗೆ ಇಂದಿನವರೆಗೆ ಒಬ್ಬನೇ ಒಬ್ಬ ದಡ್ಡ ಡಾಕ್ಟರು ಕಾಲಿಟ್ಟಿಲ್ಲ ಎಂದೇ ನಂಬಬೇಕು. ಎಲ್ಲರೂ ಶ್ರಮಜೀವಿಗಳು. ಎಲ್ಲರೂ ಹೊತ್ತಿಗೆ ಸರಿಯಾಗಿ ಬರುವವರು. ಎಲ್ಲರೂ 'ನಾನು ಕಂಡ ಅತ್ಯುತ್ತಮ ತರುಣ ವೈದ್ಯರಲ್ಲಿ ಒಬ್ಬರು'. ಬಲಗಾಲಿನ ಎಕ್ಸ್‌ರೇ ಬೇಕಿದ್ದಾಗ ಎಡಗಾಲನ್ನು ಕಳಿಸಿದ ಒಬ್ಬ ಪುಣ್ಯಾತ್ಮನಿಗೂ ಆ ಸಾಲನ್ನು ನಾನೇ ಬರೆದುಕೊಟ್ಟಿದ್ದೇನೆ. ದೇವರು ಅವನ ರೋಗಿಗಳನ್ನು ಕಾಪಾಡಲಿ!

ನಾನು ಮಕ್ಕಳ ವಿಭಾಗದ ಸೆಕ್ರೆಟರಿ. ನಮ್ಮಲ್ಲಿ ಪತ್ರ ಹುಟ್ಟುವ ಕ್ರಮ ಹೀಗೆ. ಇಂಟರ್ನ್‌ಶಿಪ್ ಮುಗಿಸಿದ ಹುಡುಗನೋ ಹುಡುಗಿಯೋ ರೆಸಿಡೆನ್ಸಿಗೆ, ಅಂದರೆ ತಜ್ಞ ವೈದ್ಯರಾಗುವ ಮುಂದಿನ ತರಬೇತಿಗೆ, ಅರ್ಜಿ ಹಾಕುವಾಗ ಬಂದು ನಮ್ಮ ದೊಡ್ಡ ಡಾಕ್ಟರ ಬಾಗಿಲಲ್ಲಿ ನಿಲ್ಲುತ್ತಾರೆ. ದೊಡ್ಡ ಡಾಕ್ಟರು ಅಂದರೆ ವಿಭಾಗದ ಮುಖ್ಯಸ್ಥರು, ಇದೇ ಊರಿನ ಸೌದಿ. ಅವರು ಗಾವಾ ಕಾಫಿ ಗುಟುಕರಿಸುತ್ತ ನನ್ನತ್ತ ತಿರುಗಿ, "ಒಳ್ಳೆಯ ಹುಡುಗ. ಗಟ್ಟಿ. ಯಲ್ಲಾ, ಬರೆ" ಎಂದು ಅರಬ್ಬಿ ಬೆರೆಸಿ ಅವಸರ ಮಾಡುತ್ತಾರೆ. ಆ ಮೂರು ಮಾತನ್ನು ನಾನು ಒಂದು ಪುಟ ಮಾಡುತ್ತೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲಿ ಅವರು ಸಹಿ ಹಾಕುತ್ತಾರೆ, ಓದುವುದಿಲ್ಲ. ಮೇಲೊಂದು ನೀಲಿ ದುಂಡು ಮೊಹರು. ಆ ಮೊಹರು ಇರುವುದು ನನ್ನ ಡ್ರಾಯರಿನಲ್ಲಿ, ಕೀಲಿ ನನ್ನ ಕುತ್ತಿಗೆಯ ಸರದಲ್ಲಿ.

ಹೀಗೆ ಊರಿನ ಮಕ್ಕಳನ್ನೆಲ್ಲ ಹೊಗಳಿ ಅಟ್ಟಕ್ಕೇರಿಸುತ್ತಿದ್ದವಳಿಗೆ ಹೋದ ವರ್ಷ ನನ್ನ ಮಗಳ ಸರದಿ ಬಂತು.

ಅವಳು ಹುಟ್ಟಿದ್ದು ಇಲ್ಲೇ, ಓದಿದ್ದು ಇಲ್ಲೇ, ಇಂಟರ್ನ್‌ಶಿಪ್ ಮಾಡಿದ್ದು ನಮ್ಮ ಆಸ್ಪತ್ರೆಯಲ್ಲೇ. ಮಕ್ಕಳ ಡಾಕ್ಟರಾಗಬೇಕು ಎನ್ನುವುದು ಅವಳಿಗೆ ಆರನೇ ಕ್ಲಾಸಿನಿಂದ ಹತ್ತಿದ ಹುಚ್ಚು. ರಿಯಾದಿನ ಒಂದು ಆಸ್ಪತ್ರೆಯಲ್ಲಿ ಹೊರದೇಶದವರಿಗೆಂದು ಒಂದೇ ಒಂದು ಸೀಟಿತ್ತು. ಅದು ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಅವಳು ಗಂಟುಮೂಟೆ ಕಟ್ಟಿ ಮಂಗಳೂರಿಗೆ ಹೋಗಿ, ರಜೆಗೆ ಬಿಟ್ಟು ಬೇರೆ ಯಾವುದಕ್ಕೂ ನೋಡದ ಊರಿನಲ್ಲಿ ಹಾಸ್ಟೆಲ್ ಸೇರಿ, ಪ್ರವೇಶ ಪರೀಕ್ಷೆಗೆ ಅ ಆ ಇ ಈಯಿಂದ ಶುರು ಮಾಡಬೇಕಿತ್ತು. ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುವ ಈ ಕಾಲದಲ್ಲೂ ಆ ಆಸ್ಪತ್ರೆಯವರಿಗೆ ಶಿಫಾರಸು ಪತ್ರ ಮಾತ್ರ ಲಕೋಟೆಯಲ್ಲೇ ಬೇಕು. ಅಂಟಿಸಿದ ಜಾಗದ ಮೇಲೆ ಮೊಹರು ಬಿದ್ದಿರಬೇಕು, ಅಭ್ಯರ್ಥಿ ಅದನ್ನು ಒಡೆಯದೆ ಸಂದರ್ಶನಕ್ಕೆ ತರಬೇಕು. ಪತ್ರವನ್ನು ನೋಡುವುದಿಲ್ಲ ಎಂದು ಅವಳು ಮೊದಲೇ ಬರೆದುಕೊಟ್ಟಿದ್ದಳು.

"ಅಮ್ಮ, ನನ್ನ ಲೆಟರ್ ನೀನು ಟಚ್ ಮಾಡ್ಬಾರ್ದು. ಪ್ರಾಮಿಸ್ ಮಾಡು" ಅಂದಳು.

"ನಾನ್ಯಾಕೆ ಮುಟ್ಲಿ? ನಂಗೆ ಬೇರೆ ಕೆಲ್ಸ ಇಲ್ವಾ?" ಅಂದೆ. ಸಿಟ್ಟೂ ಬಂತು ಅನ್ನಿ. ಆದರೆ ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಹಾಗಾಗಿ ದೊಡ್ಡ ಡಾಕ್ಟರು ಎಂದಿನಂತೆ "ಯಲ್ಲಾ, ಬರೆ" ಎಂದಾಗ ನಾನು ಕೈಕಟ್ಟಿ ನಿಂತೆ. "ಇದೊಂದನ್ನು ನಾನು ಬರೆಯುವುದಿಲ್ಲ ಡಾಕ್ಟರ್. ನನ್ನ ಮಗಳು. ನೀವೇ ಬರೆಯಬೇಕು." ಅವರ ಮುಖ ನೋಡಬೇಕಿತ್ತು, ಹೋಮ್‌ವರ್ಕ್ ಸಿಕ್ಕಿದ ಹುಡುಗನ ಮುಖ! ಗೊಣಗುತ್ತಲೇ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಎರಡು ಹಾಳೆ ತುಂಬ ಕೈಬರಹದಲ್ಲಿ ಬರೆದು ತಂದು ನನ್ನ ಮೇಜಿನ ಮೇಲಿಟ್ಟರು.

ಆ ಕೈಬರಹವನ್ನು ಓದಬಲ್ಲವಳು ಇಡೀ ಆಸ್ಪತ್ರೆಯಲ್ಲಿ ನಾನೊಬ್ಬಳೇ. ಫಾರ್ಮಸಿಯವರೂ ಅನುಮಾನ ಬಂದಾಗ ನನಗೇ ಫೋನ್ ಮಾಡುವುದು. ಅಂದಮೇಲೆ ಟೈಪ್ ಮಾಡುವುದಕ್ಕೆ ಬೇರೆ ಯಾರಿದ್ದಾರೆ? ಟೈಪ್ ಮಾಡಿದರೆ ಮುಟ್ಟಿದ ಹಾಗಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಶುರು ಮಾಡಿದೆ.

ಅಯ್ಯೋ, ಏನು ಬರೆದಿದ್ದರು ಆ ಮನುಷ್ಯ! ಬೆಟ್ಟದ ಮೇಲಿನ ಹಳ್ಳಿಯಿಂದ ಬಂದ ಒಂದು ಮಗು ಯಾರಿಗೂ ಹೊಟ್ಟೆ ಮುಟ್ಟಲು ಬಿಡದೆ ಕಿರುಚುತ್ತಿದ್ದಾಗ, ನನ್ನ ಮಗಳು ನೆಲದ ಮೇಲೆ ಕೂತು ಅದರ ಕೈಯಲ್ಲಿದ್ದ ಬಟ್ಟೆಗೊಂಬೆ ಒಂಟೆಯ ಹೊಟ್ಟೆಯನ್ನು ಮೊದಲು ಪರೀಕ್ಷೆ ಮಾಡಿದಳಂತೆ. ಒಂಟೆಗೆ ಗಂಭೀರವಾಗಿ ಔಷಧಿ ಚೀಟಿಯನ್ನೂ ಬರೆದಳಂತೆ. ಆಮೇಲೆ ಮಗು ತಾನಾಗಿಯೇ ಅಂಗಿ ಎತ್ತಿತಂತೆ. ನನಗೆ ಒಂದು ಮಾತು ಹೇಳಿರಲಿಲ್ಲ ಕಳ್ಳಿ. ಕೊನೆಯ ಸಾಲು: 'ನನ್ನ ಮೊಮ್ಮಕ್ಕಳಿಗೆ ಕಾಯಿಲೆಯಾದರೆ ನಾನು ಇವಳ ಕೈಗೇ ಒಪ್ಪಿಸುತ್ತೇನೆ.'

ಮೂಗು ಒರೆಸಿಕೊಂಡು ಟೈಪ್ ಮಾಡಿದೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪ್ರಿಂಟ್ ಕೊಡುವ ಮೊದಲು ಮತ್ತೊಮ್ಮೆ ಮೇಲಿನಿಂದ ಕೆಳಗೆ ಓದಿದೆ ನೋಡಿ. ಇಡೀ ಪುಟದಲ್ಲಿ ಒಂದೇ ಒಂದು ಕೊಂಕಿಲ್ಲ! ಬರೀ ಹೊಗಳಿಕೆ. ಈ ಪತ್ರವನ್ನು ಸಂದರ್ಶನ ಮಾಡುವ ಮೂರು ಜನ ಅಪರಿಚಿತರು ಕಣ್ಣರಳಿಸಿ ಓದುತ್ತಾರೆ. ಮಗುವನ್ನು ಮೀಯಿಸಿ, ಅಲಂಕಾರ ಮಾಡಿ, ಕೆನ್ನೆಗೊಂದು ಕಪ್ಪು ಬೊಟ್ಟಿಡದೆ ಸಂತೆಗೆ ಕಳಿಸುತ್ತಾರೆಯೇ ಯಾರಾದರೂ? ನಮ್ಮ ಮನೆಯಲ್ಲಂತೂ ಇಲ್ಲ. ನನ್ನ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡಾಗಲೆಲ್ಲ "ಎಂತ ಕರಿ ಮೂತಿ ಇದು" ಎಂದು ಬೈದೇ ಮುದ್ದಿಸುತ್ತಿದ್ದರು. ನಾನೂ ನನ್ನ ಮಗಳನ್ನು ನಾಲ್ಕು ಜನರೆದುರು ಒಂದು ದಿನವೂ ಹೊಗಳಿದವಳಲ್ಲ. ನನ್ನ ಕೈ ಕೀಬೋರ್ಡಿನ ಕಡೆ ತಾನಾಗಿಯೇ ಹೋಯಿತು. ಮೊಮ್ಮಕ್ಕಳ ಸಾಲಿನ ಕೆಳಗೆ, ಇಂಗ್ಲಿಷಿನಲ್ಲಿ, ಇಷ್ಟೇ ಇಷ್ಟು ಸೇರಿಸಿದೆ: 'ಆದರೆ ಹಸಿವಾದರೆ ಇವಳಿಗೆ ವಿಪರೀತ ಸಿಟ್ಟು ಬರುತ್ತದೆ.'

ಸುಳ್ಳಲ್ಲ ಅದು, ಸತ್ಯಕ್ಕೆ ಸತ್ಯ. ಪ್ರಿಂಟ್ ತೆಗೆದೆ, ಪೆನ್ಸಿಲ್ ಗುರುತು ಹಾಕಿದೆ, ಅವರು ಸಹಿ ಹಾಕಿದರು, ನಾನು ಲಕೋಟೆ ಅಂಟಿಸಿ ಅದರ ಮೇಲೆ ಮೊಹರು ಒತ್ತಿದೆ. ಆ ಮಧ್ಯಾಹ್ನವೆಲ್ಲ ನನ್ನಷ್ಟು ನೆಮ್ಮದಿಯ ಹೆಂಗಸು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಮಗಳು ಲಕೋಟೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ರಿಯಾದಿನ ವಿಮಾನ ಹತ್ತಿದಳು. ವಿಮಾನ ನಿಲ್ದಾಣದಿಂದ ವಾಪಸ್ಸು ಬರುವಾಗ ನನ್ನ ಗಂಡನಿಗೆ ಫೋನ್ ಮಾಡಿದೆ. ಅವರು ರಾಸ್ ಅಲ್ ಖೈರಿನಲ್ಲಿ, ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ದೊಡ್ಡ ಸಾಧನೆ ಮಾಡಿದವಳ ಹಾಗೆ ಎಲ್ಲವನ್ನೂ ವರದಿ ಒಪ್ಪಿಸಿದೆ.

"ಎಂತ ಮಾರಾಯ್ತಿ ಮಾಡಿ ಹಾಕಿದ್ದು ನೀನು?" ಅಂದರು. "ಡಾಕ್ಟ್ರ ಕೆಲ್ಸಕ್ಕೆ ಹೋಗುವವಳಿಗೆ ಸಿಟ್ಟು ಬರ್ತದೆ ಅಂತ ಬರೆದು ಕೊಡುದಾ? ಹೆಣ್ಣು ನೋಡ್ಲಿಕ್ಕೆ ಬಂದವ್ರ ಹತ್ರವೂ ಯಾರೂ ಹಾಗೆ ಹೇಳುದಿಲ್ಲ!"

"ದೃಷ್ಟಿ ತಾಗ್ಬಾರ್ದಲ್ಲ ಮತ್ತೆ?"

"ದೃಷ್ಟಿಗೆ ಮನೆಯಲ್ಲಿ ಉಪ್ಪು ಮೆಣಸು ಸುಟ್ಟಿದ್ರೆ ಆಗ್ತಿತ್ತು!"

"ಹೋದ ಸಲ ಮೆಣಸು ಸುಟ್ಟದ್ದಕ್ಕೆ ಫೈರ್ ಅಲಾರಂ ಹೊಡೆದು ಇಡೀ ಬಿಲ್ಡಿಂಗ್ ಕೆಳಗೆ ಇಳಿದದ್ದು ಮರ್ತು ಹೋಯ್ತಾ ನಿಮ್ಗೆ?" ಎಂದು ನಾನೂ ಬಿಡಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಅವರ ಮಾತನ್ನೇ ತಿರುವಿ ನೋಡಿದೆ. ಅವರು ಹೇಳಿದ್ದು ಸರಿ. ಒಂದೇ ಸೀಟು. ನಾನು ನನ್ನ ಕೈಯಾರೆ ಮಗಳ ಕಾಲಿಗೆ ಅಡ್ಡ ಕೋಲಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತೆ. ಸಂದರ್ಶನ ಹತ್ತಕ್ಕೆ. ತಪ್ಪೊಪ್ಪಿಕೊಂಡು, ಪತ್ರದ ಪ್ರತಿಯನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಅವರು ಸಹಿ ಹಾಕಿದ ಪತ್ರವೊಂದನ್ನು ಪೂರ್ತಿ ಓದಿದ್ದು ಬಹುಶಃ ಅದೇ ಮೊದಲು.

"ನನ್ನ ಸಹಿಯ ಮೇಲೆ ನಿನ್ನ ಸಾಲು" ಅಂದರು. ದನಿ ಗಟ್ಟಿಯಾಗಿಯೇ ಇತ್ತು. "ಯಾಕೆ?"

ಕಪ್ಪು ಬೊಟ್ಟಿನ ವಿಷಯ ಹೇಳಿದೆ. ಅವರಿಗೆ ಅದು ಗೊತ್ತು. ಹಿಂದೊಮ್ಮೆ ನಮ್ಮೂರ ಕಡೆಯ ಕೂಸೊಂದರ ಕೆನ್ನೆಯ ಬೊಟ್ಟನ್ನು ಇವರು ಚರ್ಮರೋಗವೆಂದು ತಿಳಿದು ಸ್ಪಿರಿಟ್ ಹಚ್ಚಿ ಒರೆಸಲು ಹೋಗಿ, ಅದರ ಅಜ್ಜಿಯಿಂದ ಕೈಗೆ ಪೆಟ್ಟು ತಿಂದಿದ್ದರು. ಆಗ ಮಧ್ಯೆ ನಿಂತು ಬಿಡಿಸಿದವಳು ನಾನೇ. ಈಗ ಅವರ ಮೀಸೆ ಅದುರಲು ಶುರುವಾಯಿತು. ಆಮೇಲೆ ಹೊಟ್ಟೆ. ಆಮೇಲೆ ಇಡೀ ಕುರ್ಚಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಪತ್ರದ ಕೆನ್ನೆಗೆ ಕಪ್ಪು ಬೊಟ್ಟು! ದೃಷ್ಟಿ ತಾಗದಿರಲಿ ಎಂದು ನಾವು ಮಾಶಾಲ್ಲಾ ಅನ್ನುತ್ತೇವೆ, ಮದಾಮ್. ಒಂದು ಪದ. ಅದನ್ನು ಸೇರಿಸಿದ್ದರೆ ಸಾಕಿತ್ತು!" ಅಂದರು.

"ನನಗೆ ಹೊಳೆಯಲಿಲ್ಲ ಡಾಕ್ಟರ್. ನೀವೊಂದು ಫೋನ್ ಮಾಡಿ ಅವರಿಗೆ ಹೇಳಿಬಿಡಿ."

"ಫೋನ್ ಮಾಡಿದರೆ ಶಿಫಾರಸಿನ ಮೇಲೆ ವಶೀಲಿ ಮಾಡಿದ ಹಾಗೆ. ಅದು ಅವಳಿಗೇ ಕೆಟ್ಟದ್ದು." ಅವರು ನಗು ನಿಲ್ಲಿಸಿದರು. "ಓದದೆ ಸಹಿ ಹಾಕಿದವನು ನಾನು. ತಪ್ಪು ಇಬ್ಬರದ್ದೂ. ಈಗ ಹೇಳು, ಈ ಸಾಲು ನಿಜವೋ?"

"ದೇವರಾಣೆ ನಿಜ ಡಾಕ್ಟರ್."

"ಓಹೋ! ರಂಜಾನಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಫಾರ್ಮಸಿಯವನಿಗೆ ಅವಳು ಬೈದದ್ದು ಅದಕ್ಕೋ!" ಎಂದು ಮತ್ತೆ ನಕ್ಕರು. "ನಿಜವಾದರೆ ನನ್ನ ಸಹಿ ಇರಲಿ. ಹೋಗು, ಕಾಫಿ ಕುಡಿ."

ಕಾಫಿ ಯಾರಿಗೆ ಇಳಿಯುತ್ತದೆ? ಕಿಟಕಿಯಾಚೆ ಮಂಜು ಬೆಟ್ಟದಿಂದ ಪಾರ್ಕಿಂಗಿಗೆ ಇಳಿದು, ಕಾರುಗಳ ಮೇಲೆ ಕೂತಿದ್ದ ಕೋತಿಗಳೂ ಕಾಣದಂತಾಗಿತ್ತು. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡೂ ಆಯಿತು. ಒಂದು ಡಿಸ್ಚಾರ್ಜ್ ಪತ್ರದಲ್ಲಿ ಮಗುವಿನ ವಯಸ್ಸು ನಲವತ್ತೆರಡು ಎಂದು ಹೊಡೆದು ಅಳಿಸಿದೆ. ಹನ್ನೆರಡೂವರೆಗೆ ಫೋನ್ ಬಂತು.

"ಅಮ್ಮಾ. ನೀನು ಟಚ್ ಮಾಡಿದ್ದಿ."

ನಾನು ಎದ್ದು ಆಫೀಸಿನ ಬಾಗಿಲು ಮುಚ್ಚಿದೆ.

"ಪ್ಯಾನೆಲಲ್ಲಿ ಮೂರು ಜನ. ನಡುವೆ ಒಬ್ರು ವಯಸ್ಸಾದ ಲೇಡಿ, ಅಲ್ಲಿನ ಹೆಡ್. ಅವ್ರು ಎನ್ವಲಪ್ ಒಡೆದು ಓದಿದ್ರು. ಮತ್ತೊಮ್ಮೆ ಓದಿದ್ರು. ಪಕ್ಕದವ್ರಿಗೆ ಕೊಟ್ರು. ಮತ್ತೆ ನನ್ನ ಮುಖ ನೋಡಿ, 'ಬ್ರೇಕ್‌ಫಾಸ್ಟ್ ಯಾವಾಗ ಮಾಡಿದ್ದು?' ಅಂತ ಕೇಳಿದ್ರು. ಇಂಟರ್ವ್ಯೂದಲ್ಲಿ ಯಾರಮ್ಮ ಹಾಗೆ ಕೇಳ್ತಾರೆ? ಆರು ಗಂಟೆಗೆ, ಒಂದು ಸ್ಲೈಸ್ ಬ್ರೆಡ್ ಅಂದೆ. 'ಎರಡು ಗಂಟೆ ಹೊರಗೆ ಕೂರಿಸಿದ್ದೇವೆ. ನಮ್ಮ ಮೇಲೆ ಸಿಟ್ಟು ಬಂದಿದೆಯಾ?' ಅಂತ ಕೇಳಿದ್ರು."

"ನೀ ಎಂತ ಹೇಳಿದೆ?"

"ಸ್ವಲ್ಪ ಬಂದಿದೆ ಅಂದೆ! ಮತ್ತೆ ಎಂತ ಹೇಳುದು, ಬಂದಿತ್ತು. ಮೂರೂ ಜನ ನಕ್ಕಿದ್ದೇ ನಕ್ಕಿದ್ದು. ಖರ್ಜೂರ, ಗಾವಾ ಎಲ್ಲ ತರ್ಸಿದ್ರು. ಮತ್ತೆ ಕೇಳಿದ್ರು, ಈ ಲೆಟರಲ್ಲಿ ಇರೋದೆಲ್ಲ ನಿಜವಾ ಅಂತ. ಓದ್ಲಿಕ್ಕೆ ನಂಗೆ ಪರ್ಮಿಷನ್ ಇಲ್ಲ, ಹಸಿವಿನ ವಿಷಯ ಇದ್ರೆ ಅದು ನಿಜ, ಬಾಕಿದ್ದಕ್ಕೆ ನಾನು ಗ್ಯಾರಂಟಿ ಕೊಡೋದಿಲ್ಲ ಅಂದೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಮ್ಮ, ನಿನ್ನ ಬಾಸ್‌ಗೆ ನನ್ನ ಹಸಿವು ಹೇಗೆ ಗೊತ್ತು? ಅದು ಗೊತ್ತಿರೋದು ಒಬ್ಳಿಗೆ. ಪ್ರಾಮಿಸ್ ಮಾಡಿದ್ದಿ ನೀನು."

"ಖರ್ಜೂರ ತಿಂದ್ಯಾ ಮತ್ತೆ?"

"ಏಳು."

"ಏಳೇ?" ಅಂದೆ. ಅವಳು ಫೋನ್ ಕಟ್ ಮಾಡಿದಳು. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ನೀರುದೋಸೆ ಮಾಡಿದ್ದಕ್ಕೆ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು.

ಕೆಲವು ವಾರ ಕಳೆದು, ಫಲಿತಾಂಶ ಬಂದ ದಿನ ನಾನು ಆಫೀಸಿನಲ್ಲಿ ಕೂಗಿದ ಕೂಗಿಗೆ ದೊಡ್ಡ ಡಾಕ್ಟರು ಯಾವುದೋ ಮಗುವಿಗೆ ಫಿಟ್ಸ್ ಬಂತೆಂದು ಓಡಿಬಂದರು. ಸೀಟು ಅವಳದ್ದು! ರಾಸ್ ಅಲ್ ಖೈರಿನಲ್ಲಿ ನನ್ನ ಗಂಡ ಕ್ಯಾಂಪಿಗೆಲ್ಲ ಸಿಹಿ ಹಂಚಿ, ಹೆಂಡತಿಯ ಬುದ್ಧಿವಂತಿಕೆಯೇ ಕಾರಣ ಎಂದು ಹೇಳಿಕೊಂಡು ತಿರುಗಿದರಂತೆ. ನನಗೆ ಬೈದದ್ದು ಅವರಿಗೆ ನೆನಪೇ ಇರಲಿಲ್ಲ. ದೊಡ್ಡ ಡಾಕ್ಟರು ಈಗ ಪ್ರತಿ ಪತ್ರವನ್ನೂ ಓದಿಯೇ ಸಹಿ ಹಾಕುತ್ತಾರೆ, ಓದಿ ಮುಗಿಸಿ ನನ್ನನ್ನೊಮ್ಮೆ ಓರೆಗಣ್ಣಿನಲ್ಲಿ ನೋಡುತ್ತಾರೆ.

ಅವಳನ್ನು ರಿಯಾದಿಗೆ ಬಿಟ್ಟುಬರುವಾಗ ಡಬ್ಬಿಗಳಲ್ಲಿ ಚಕ್ಕುಲಿ, ಅವಲಕ್ಕಿ, ಹುರಿದ ಗೇರುಬೀಜ ತುಂಬಿಸಿಕೊಟ್ಟೆ. ಇಪ್ಪತ್ತೈದು ವರ್ಷ ಆ ಮುಖ ನೋಡಿ ಹಸಿವು ಗುರುತಿಸಿದವಳು ನಾನು. ಇನ್ನು ಅಲ್ಲಿ ಯಾರು ನೋಡುತ್ತಾರೆ ಎಂದು ವಿಮಾನದಲ್ಲಿ ಸಂಕಟಪಟ್ಟುಕೊಂಡೇ ಮನೆಗೆ ಬಂದೆ.

ಕೆಲಸದ ಮೊದಲ ದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಅಮ್ಮ, ರೌಂಡ್ಸ್ ಅರ್ಧದಲ್ಲಿ ಆ ಹೆಡ್ ಮೇಡಂ ಎಲ್ರನ್ನೂ ನಿಲ್ಲಿಸಿ ಬಿಟ್ರು. ಕೋಟಿನ ಪಾಕೆಟಿಂದ ಬಿಸ್ಕೆಟ್ ಪ್ಯಾಕೆಟ್ ತೆಗ್ದು ನನ್ನ ಕೈಗೆ ಕೊಟ್ರು. 'ಮೊದಲು ತಿನ್ನು, ಆಮೇಲೆ ಮುಂದಿನ ಮಗು' ಅಂದ್ರು."

"ತಿಂದ್ಯಾ?" ಅಂತ ಕೇಳಿದೆ. ಮೇಜಿನ ಮೇಲೆ ಇನ್ಯಾರದ್ದೋ ಪತ್ರ ಅರ್ಧ ಟೈಪಾಗಿತ್ತು. ಕಣ್ಣು ತುಂಬಿ ಒಂದಕ್ಷರವೂ ಕಾಣುತ್ತಿರಲಿಲ್ಲ.